ನಿನ್ನ ಅರ್ಜಿಯಲ್ಲಿ ರಾಗಿ ಹೊಲ ಎಲ್ಲಿದೆ? ಕಿಕ್ಕೇರಿಯ ವಿದ್ಯಾರ್ಥಿನಿಗೊಂದು ಬಹಿರಂಗ ಪತ್ರ

ಪ್ರೀತಿಯ ಮಗಳೇ,

ನೀನು ಕಳಿಸಿದ ಎರಡು ಪುಟಗಳನ್ನು ಮೂರು ಸಲ ಓದಿದೆ. ಪಿಎಚ್‌ಡಿ ಪ್ರವೇಶದ ಅರ್ಜಿಯ ಜೊತೆ ಲಗತ್ತಿಸಬೇಕಾದ ‘ಸ್ಟೇಟ್‌ಮೆಂಟ್ ಆಫ್ ಪರ್ಪಸ್’ ಅದು. ಸಂಶೋಧನೆ ಏಕೆ ಮಾಡಬೇಕೆಂದಿದ್ದೇನೆ, ಯಾವುದರ ಮೇಲೆ ಮಾಡಬೇಕೆಂದಿದ್ದೇನೆ ಎಂದು ಮುಖ ಪರಿಚಯವಿಲ್ಲದವರಿಗೆ ಹೇಳಿಕೊಳ್ಳುವ ಬರಹ. ‘ತಿದ್ದಿಕೊಡಿ ಸಾರ್’ ಎಂದಿದ್ದೀಯ. ವ್ಯಾಕರಣ ತಿದ್ದುವುದು ಅರ್ಧ ಗಂಟೆಯ ಕೆಲಸ, ಮಾಡಿಟ್ಟಿದ್ದೇನೆ. ಆದರೆ ಅದಕ್ಕಿಂತ ದೊಡ್ಡ ಮಾತೊಂದು ಉಳಿದಿದೆ. ನಿನ್ನಂಥವೇ ಪುಟಗಳು ನಾಗಮಂಗಲದಿಂದ, ಪಾಂಡವಪುರದಿಂದ, ಶ್ರೀರಂಗಪಟ್ಟಣದಿಂದಲೂ ನನಗೆ ಬಂದಿವೆ. ಎಲ್ಲರಿಗೂ ಹೇಳಬೇಕಾದ್ದು ಒಂದೇ ಆದ್ದರಿಂದ, ನಿನ್ನ ಹೆಸರು ಮರೆಸಿ, ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಿನ್ನ ಬರಹ ‘ಚಿಕ್ಕಂದಿನಿಂದಲೂ ನನಗೆ ಅಂಕಿಗಳೆಂದರೆ ಬಹಳ ಆಕರ್ಷಣೆ’ ಎಂದು ಶುರುವಾಗುತ್ತದೆ. ನಡುವೆ ಪೈಥಾನ್ ಬರುತ್ತದೆ, ಆರ್ ಬರುತ್ತದೆ, ಮಷೀನ್ ಲರ್ನಿಂಗ್ ಬರುತ್ತದೆ. ಎಂ.ಎಸ್ಸಿಯಲ್ಲಿ ಮಾಡಿದ ಎರಡು ಪ್ರಾಜೆಕ್ಟ್‌ಗಳ ವಿವರವಿದೆ. ಒಂದರಲ್ಲಿ 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ಯಾತ್ರಿಕರಲ್ಲಿ ಯಾರು ಬದುಕುಳಿಯುವ ಸಾಧ್ಯತೆ ಹೆಚ್ಚಿತ್ತು ಎಂದು ಲೆಕ್ಕ ಹಾಕಿದ್ದೀಯ. ಇನ್ನೊಂದರಲ್ಲಿ ಅಮೆರಿಕದ ಬಾಸ್ಟನ್ ನಗರದ ಮನೆಗಳ ಬೆಲೆ ಅಂದಾಜು ಮಾಡಿದ್ದೀಯ. ಕಲಿಕೆಗೆ ಇವು ಕೆಟ್ಟವೇನಲ್ಲ. ತರಗತಿಯಲ್ಲಿ ನಾನೂ ಕೊಟ್ಟಿದ್ದೇನೆ. ಆದರೆ ಇದೇ ಎರಡು ಪ್ರಾಜೆಕ್ಟ್‌ಗಳನ್ನು ಇಟ್ಟುಕೊಂಡು ಈ ವರ್ಷ ದೇಶದಲ್ಲಿ ಎಷ್ಟು ಸಾವಿರ ಮಂದಿ ಅರ್ಜಿ ಬರೆಯುತ್ತಿರಬಹುದು ಎಂದು ಒಮ್ಮೆ ಯೋಚಿಸು. ನಿನ್ನ ಎರಡು ಪುಟಗಳಲ್ಲಿ ಕಿಕ್ಕೇರಿ ಎಂಬ ಹೆಸರು ವಿಳಾಸದ ಸಾಲಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ.

ಹೋದ ಸಲ ಫೋನಿನಲ್ಲಿ ಮಾತಾಡುವಾಗ, ಅರ್ಜಿಯ ಮಾತೆಲ್ಲ ಮುಗಿದ ಮೇಲೆ, ನಿಮ್ಮಪ್ಪ ಹೇಳಿದ್ದೊಂದನ್ನು ನೀನು ಸುಮ್ಮನೆ ಹೇಳಿದೆ. ಮಳೆ ಕೈಕೊಟ್ಟ ವರ್ಷ ರಾಗಿಗೆ ವಿಮೆ ಕಟ್ಟಿದ್ದರು, ದುಡ್ಡು ಬರಲಿಲ್ಲ. ‘ನಮ್ ಹೊಲ್ದಲ್ಲಿ ಕಾಳೇ ಕಟ್ನಿಲ್ಲ, ಪಂಚಾಯ್ತಿ ಲೆಕ್ದಲ್ಲಿ ಬೆಳೆ ಚೆನ್ನಾಗದಂತೆ’ ಎಂದರಂತೆ. ನೀನು ಅದನ್ನು ಮನೆಯ ಕಷ್ಟ ಎಂದು ಹೇಳಿದೆ. ನನಗೆ ಆ ಒಂದು ಮಾತಿನಲ್ಲಿ ಪೂರ್ತಿ ಪಿಎಚ್‌ಡಿ ಕಾಣಿಸಿತು. ನಿನ್ನ ಎರಡು ಪುಟಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಅದೇ ನನ್ನ ದೂರು. ಏಕೆಂದು ವಿವರವಾಗಿ ಹೇಳುತ್ತೇನೆ, ತಾಳ್ಮೆಯಿಂದ ಓದು.

ಬೆಳೆ ಕಟಾವು ಪ್ರಯೋಗ ಎಂಬುದನ್ನು ನೀನು ಹೊಲದ ಬದುವಿನ ಮೇಲೆ ನಿಂತು ನೋಡಿರುತ್ತೀಯ. ರಾಗಿ ತೆನೆ ಬಲಿತ ಮೇಲೆ ಒಬ್ಬ ನೌಕರರು ಟೇಪು, ಹಗ್ಗ, ಗೂಟ, ತಕ್ಕಡಿ ಹಿಡಿದು ಬರುತ್ತಾರೆ. ಯಾವ ಸರ್ವೆ ನಂಬರಿನ ಹೊಲಕ್ಕೆ ಬರಬೇಕು ಎಂಬುದು ಅವರ ಇಷ್ಟವಲ್ಲ. ಯಾದೃಚ್ಛಿಕ ಸಂಖ್ಯೆಯಿಂದ ಅದು ಮೊದಲೇ ಆಯ್ಕೆಯಾಗಿರುತ್ತದೆ. ಹೊಲದೊಳಗೆ ಎಲ್ಲಿ ಕೊಯ್ಯಬೇಕು ಎಂಬುದೂ ಹಾಗೆಯೇ: ನೈಋತ್ಯ ಮೂಲೆಯಿಂದ ಉದ್ದಕ್ಕೆ ಇಷ್ಟು ಹೆಜ್ಜೆ, ಅಗಲಕ್ಕೆ ಇಷ್ಟು ಹೆಜ್ಜೆ ಎಂದು ಎರಡು ಸಂಖ್ಯೆ ಕೊಟ್ಟಿರುತ್ತಾರೆ. ಅಲ್ಲಿ ಗೂಟ ಹೊಡೆದು ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಕಟ್ಟುತ್ತಾರೆ. ಚೌಕದೊಳಗಿನ ತೆನೆ ಕೊಯ್ದು, ಬಡಿದು, ತೂಗುತ್ತಾರೆ. ಒಂದು ಗ್ರಾಮ ಪಂಚಾಯಿತಿಯಲ್ಲಿ ಒಂದು ಬೆಳೆಗೆ ಇಂಥ ನಾಲ್ಕು ಚೌಕ. ಆ ನಾಲ್ಕರ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿ ಬೆಳೆದ ಐದು ವರ್ಷಗಳ ಸರಾಸರಿ ತೆಗೆದು, ಅದಕ್ಕೆ ನಿಗದಿಯಾದ ಪ್ರಮಾಣ ಹಾಕಿ ಒಂದು ಗೆರೆ ಎಳೆದಿರುತ್ತಾರೆ. ಈ ಸಲದ ಇಳುವರಿ ಆ ಗೆರೆಗಿಂತ ಎಷ್ಟು ಕೆಳಗಿದೆಯೋ ಅಷ್ಟರ ಮಟ್ಟಿಗೆ ಪಂಚಾಯಿತಿಯ ವಿಮೆ ಕಟ್ಟಿದವರಿಗೆಲ್ಲ ಪರಿಹಾರ. ಗೆರೆಯ ಮೇಲಿದ್ದರೆ ಯಾರಿಗೂ ಇಲ್ಲ.

ಈಗ ನೀನು ಓದಿದ್ದನ್ನು ಈ ಚೌಕದೊಳಗೆ ತಂದಿಡು. ಹೊಲದಿಂದ ಹೊಲಕ್ಕೆ ಇಳುವರಿ ಸರಾಸರಿಯ ಶೇ 40ರಷ್ಟು ಏರುಪೇರಾಗುತ್ತದೆ ಎಂದಿಟ್ಟುಕೊ. ಕೆರೆ ಹಿಂದಿನ ಜಮೀನಿಗೂ ದಿಣ್ಣೆ ಮೇಲಿನ ಮರಳು ಹೊಲಕ್ಕೂ ಇರುವ ವ್ಯತ್ಯಾಸ ಗೊತ್ತಿರುವ ನಿನಗೆ ಇದು ಅತಿ ಎನಿಸಲಾರದು. ನಾಲ್ಕು ಕಡೆ ಕೊಯ್ದು ಸರಾಸರಿ ತೆಗೆದರೆ ಅಂದಾಜಿನ ದೋಷ ಶೇ 20ರ ಆಸುಪಾಸಿನಲ್ಲಿ ಉಳಿಯುತ್ತದೆ. ಅದನ್ನು ಶೇ 10ಕ್ಕೆ ಇಳಿಸಬೇಕಾದರೆ 16 ಕಡೆ ಕೊಯ್ಯಬೇಕು, ಶೇ 5ಕ್ಕೆ ಇಳಿಸಲು 64 ಕಡೆ. ಅಷ್ಟು ಜನ ಎಲ್ಲಿದ್ದಾರೆ, ಅಷ್ಟು ದಿನ ಎಲ್ಲಿದೆ? ಸುಗ್ಗಿ ಕಾಯುವುದಿಲ್ಲ. ಹಾಗಾದರೆ ನಾಲ್ಕೇ ಚೌಕಗಳನ್ನು ಇಟ್ಟುಕೊಂಡು, ಉಪಗ್ರಹದ ಚಿತ್ರವನ್ನೂ ಮಳೆ ಮಾಪನದ ಲೆಕ್ಕವನ್ನೂ ಅಕ್ಕಪಕ್ಕದ ಪಂಚಾಯಿತಿಗಳ ಅಂಕಿಗಳನ್ನೂ ಸೇರಿಸಿ, ನಿಮ್ಮ ಪಂಚಾಯಿತಿಯ ಇಳುವರಿಯನ್ನು ಇನ್ನೂ ಖಚಿತವಾಗಿ ಹೇಳಲು ಆಗುತ್ತದೆಯೇ? ಹೇಳಿದರೆ ಆ ಅಂದಾಜಿನ ದೋಷ ಎಷ್ಟು? ಪರಿಹಾರ ಸಿಗಬೇಕಾದವರಲ್ಲಿ ಎಷ್ಟು ಮಂದಿ ಆಗಲೂ ತಪ್ಪಿಹೋಗುತ್ತಾರೆ? ಅಂಕಿ ಕೊರತೆಯಿರುವ ಸಣ್ಣ ಊರಿಗೆ ಸುತ್ತಲಿನ ಊರುಗಳಿಂದ ಬಲ ಎರವಲು ತರುವ ಈ ವಿದ್ಯೆಗೆ ಸಣ್ಣ ಪ್ರದೇಶದ ಅಂದಾಜು ಎಂದು ಹೆಸರು. 1979ರಲ್ಲಿ ಫೇ ಮತ್ತು ಹೆರಿಯಟ್ ಎಂಬಿಬ್ಬರು ಅಮೆರಿಕದ ಸಾವಿರ ಜನರಿಗಿಂತ ಚಿಕ್ಕ ಊರುಗಳ ತಲಾ ಆದಾಯ ಕಂಡುಹಿಡಿಯಲು ಮಾಡಿದ ಕೆಲಸ ಇದರ ಮೂಲಗಳಲ್ಲೊಂದು. ಆಂಧ್ರದ ಏಲೂರಿನಲ್ಲಿ ಹುಟ್ಟಿ, ಅಯೋವಾದಲ್ಲಿ ಪಿಎಚ್‌ಡಿ ಮಾಡಿ, ಕೆನಡಾದಲ್ಲಿ ನೆಲೆಸಿದ ಜೆ.ಎನ್.ಕೆ. ರಾವ್ ಇದರ ಮೇಲೆ ಬರೆದ ಪುಸ್ತಕವನ್ನು ಜಗತ್ತೆಲ್ಲ ಓದುತ್ತದೆ.

ಚೌಕದ ಅಳತೆಯೇ ಒಂದು ಕಾಲಕ್ಕೆ ದೊಡ್ಡ ಜಗಳವಾಗಿತ್ತು. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಪ್ರಶಾಂತ ಚಂದ್ರ ಮಹಾಲನೋಬಿಸ್ ಬಂಗಾಳದಲ್ಲಿ ಪುಟ್ಟ ಪುಟ್ಟ ವೃತ್ತಗಳನ್ನು ಕೊಯ್ದು ಬೆಳೆ ಅಂದಾಜು ಮಾಡುತ್ತಿದ್ದರು. ಸಣ್ಣದಾದರೆ ಬೇಗ ಮುಗಿಯುತ್ತದೆ, ಹೆಚ್ಚು ಕಡೆ ಹೋಗಬಹುದು. ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ಇದನ್ನು ಒಪ್ಪಲಿಲ್ಲ. ತುಂಡು ಚಿಕ್ಕದಾದಷ್ಟೂ ಇಳುವರಿ ನಿಜಕ್ಕಿಂತ ಹೆಚ್ಚಾಗಿ ಕಾಣುತ್ತದೆ ಎಂದು ಅವರು ಪ್ರಯೋಗ ಮಾಡಿ ತೋರಿಸಿದರು. ಕಾರಣ ಹೊಲ ಕೊಯ್ದವರಿಗೆ ತಟ್ಟನೆ ಹೊಳೆಯುತ್ತದೆ. ಹಗ್ಗದ ಗೆರೆಯ ಮೇಲೆ ನಿಂತ ಪೈರು ಒಳಗಿನದೋ ಹೊರಗಿನದೋ? ಕುಡುಗೋಲು ಹಿಡಿದ ಕೈ ಅದನ್ನು ಒಳಗೇ ಎಳೆದುಕೊಳ್ಳುತ್ತದೆ. ಒಂದು ಮೀಟರ್ ಚೌಕದಲ್ಲಿ ಒಂದು ಚದರ ಮೀಟರ್ ನೆಲಕ್ಕೆ ನಾಲ್ಕು ಮೀಟರ್ ಗಡಿ. ಐದು ಮೀಟರ್ ಚೌಕದಲ್ಲಿ 25 ಚದರ ಮೀಟರ್ ನೆಲಕ್ಕೆ 20 ಮೀಟರ್ ಗಡಿ. ನೆಲದ ಲೆಕ್ಕದಲ್ಲಿ ಗಡಿ ಹೆಚ್ಚಾದಷ್ಟೂ ಎಳೆದುಕೊಂಡ ಪೈರಿನ ಪಾಲು ಹೆಚ್ಚು. ಮಗಳೇ, ಇಳುವರಿ ಹೆಚ್ಚಾಗಿ ಕಂಡರೆ ಆಗುವುದೇನು ಗೊತ್ತಲ್ಲ? ನಿಮ್ಮಪ್ಪನಿಗೆ ಪರಿಹಾರ ಬರುವುದಿಲ್ಲ. ಪಠ್ಯಪುಸ್ತಕದಲ್ಲಿ ‘ಬಯಾಸ್’ ಎಂದು ಒಂದು ಸಾಲಿನಲ್ಲಿ ಓದಿ ಪರೀಕ್ಷೆಗೆ ಬರೆದದ್ದು ಹಗ್ಗದ ಆಚೆಯ ನಾಲ್ಕು ತೆನೆಗಳಲ್ಲಿದೆ.

ಇನ್ನೊಂದು ಕಥೆ ಹೇಳುತ್ತೇನೆ. ನಮ್ಮ ಹಳೇ ಮೈಸೂರಿನವರಿಗೇ ಇದು ಮರೆತುಹೋಗಿದೆ ಎಂಬುದು ನನ್ನ ಬಹುದಿನದ ಸಂಕಟ. ಒಬ್ಬೊಬ್ಬ ರೈತನ ಹೊಲ ನೋಡಿ ನಷ್ಟ ಅಳೆಯುವುದು ಆಗದ ಕೆಲಸ, ಒಂದು ಪ್ರದೇಶದ ಮಳೆಯನ್ನೇ ಅಳತೆಗೋಲಾಗಿಟ್ಟು ಮಳೆ ಇಂತಿಷ್ಟಕ್ಕಿಂತ ಕಡಿಮೆಯಾದರೆ ವಿಮೆ ಕಟ್ಟಿದವರಿಗೆಲ್ಲ ಪರಿಹಾರ ಕೊಡೋಣ ಎಂಬ ಯೋಜನೆಯನ್ನು ಬಿಡಿಸಿ ಬರೆದವರು ಮೈಸೂರು ಸಂಸ್ಥಾನದ ಹಣಕಾಸು ಅಧಿಕಾರಿಯಾಗಿದ್ದ ಜೆ.ಎಸ್. ಚಕ್ರವರ್ತಿ. ಅವರ ಪುಸ್ತಕ 1920ರಲ್ಲಿ ಪ್ರಕಟವಾಯಿತು. ಇವತ್ತು ಹವಾಮಾನ ಆಧಾರಿತ ವಿಮೆ ಎಂದು ಆಫ್ರಿಕಾದಲ್ಲೂ ದಕ್ಷಿಣ ಅಮೆರಿಕದಲ್ಲೂ ನಡೆಯುತ್ತಿರುವುದರ ನೀಲನಕ್ಷೆ ನೂರು ವರ್ಷದ ಹಿಂದೆ ನಮ್ಮ ಸಂಸ್ಥಾನದಲ್ಲಿ, ನಮ್ಮ ಮಳೆಯನ್ನು ಮುಂದಿಟ್ಟುಕೊಂಡು ತಯಾರಾಗಿತ್ತು. ಅದು ಜಾರಿಗೆ ಬರಲಿಲ್ಲ.

ಅದಾದ ಮೇಲೆ ಕಲ್ಕತ್ತದ ಒಂದು ತರಗತಿಗೆ ಬಾ. 1944. ಪಾಠ ಮಾಡುತ್ತಿದ್ದವರು ನಮ್ಮ ಹೂವಿನಹಡಗಲಿಯಲ್ಲಿ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ ಸಿ.ಆರ್. ರಾವ್. ತೆಲುಗು ಮನೆಮಾತಿನ ಕುಟುಂಬ, ಹುಟ್ಟಿದ ನೆಲ ಈಗಿನ ವಿಜಯನಗರ ಜಿಲ್ಲೆ. ಅವರು ಕಲ್ಕತ್ತಕ್ಕೆ ಹೋದದ್ದೇ ಸೈನ್ಯದ ಸರ್ವೆ ಘಟಕದ ಒಂದು ಕೆಲಸದ ಸಂದರ್ಶನಕ್ಕೆ. ಆ ಕೆಲಸ ಸಿಗಲಿಲ್ಲ. ತಂಗಿದ್ದ ಕಡೆ ಪರಿಚಯವಾದ ಒಬ್ಬ ಯುವಕನಿಂದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಎಂಬುದೊಂದಿದೆ ಎಂದು ತಿಳಿಯಿತು. 1941ರಲ್ಲಿ ಅಲ್ಲಿ ತರಬೇತಿಗೆ ಸೇರಿದರು. ಮೂರು ವರ್ಷದ ಮೇಲೆ ತಾವೇ ಪಾಠ ಮಾಡುವಾಗ, ಮಾದರಿ ಬಹಳ ದೊಡ್ಡದಿದ್ದಾಗ ಅಂದಾಜಿನ ನಿಖರತೆಗೆ ಒಂದು ಮಿತಿಯಿದೆ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರ ಫಲಿತಾಂಶವನ್ನು ವಿವರಿಸಿದರು. ಮಾದರಿ ಚಿಕ್ಕದಿದ್ದರೂ ಇಂಥದ್ದನ್ನು ಸಾಧಿಸಬಹುದಲ್ಲವೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ರಾವ್ ಆ ರಾತ್ರಿ ಕೂತು ಸಾಧಿಸಿ ಮರುದಿನ ತರಗತಿಗೆ ತಂದರು. 1945ರಲ್ಲಿ ಕಲ್ಕತ್ತಾ ಗಣಿತ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಆ ಪ್ರಬಂಧದ ಫಲಿತಾಂಶವೇ ನೀನು ಎಂ.ಎಸ್ಸಿಯಲ್ಲಿ ಸಾಧಿಸಿ ತೋರಿಸಿದ ಕ್ರಾಮರ್–ರಾವ್ ಮಿತಿ. ಆಗ ಅವರಿಗೆ ಪಿಎಚ್‌ಡಿ ಇರಲಿಲ್ಲ. ಅದು ಬಂದದ್ದು 1948ರಲ್ಲಿ, ಕೇಂಬ್ರಿಜ್‌ನಲ್ಲಿ, ಫಿಷರ್ ಅವರ ಬಳಿ. ಅಲ್ಲಿಯೂ ಅವರು ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪುರಾತನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸುವ ಕೆಲಸಕ್ಕೆ. 1945ರ ಆ ಕೆಲಸಕ್ಕೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್ 22ರಂದು, 102ರ ವಯಸ್ಸಿನಲ್ಲಿ, ತೀರಿಕೊಂಡರು.

ಆ ಪ್ರಶ್ನೆ ಕೇಳಿದ ವಿದ್ಯಾರ್ಥಿ ವಿ.ಎಂ. ದಾಂಡೇಕರ್. ಮುಂದೆ ಪುಣೆಯ ದೊಡ್ಡ ಅರ್ಥಶಾಸ್ತ್ರಜ್ಞರಾದರು. 1976ರಲ್ಲಿ ಭಾರತಕ್ಕೆ ಬೆಳೆ ವಿಮೆ ಹೇಗಿರಬೇಕು ಎಂದು ಬರೆದವರೂ ಅವರೇ. ಒಬ್ಬೊಬ್ಬರ ಹೊಲ ಬೇಡ, ಒಂದು ಪ್ರದೇಶದ ಬೆಳೆ ಕಟಾವಿನ ಸರಾಸರಿಯನ್ನೇ ಆಧಾರ ಮಾಡಿಕೊಳ್ಳಿ ಎಂದರು. ಅದೇ ತಳಹದಿಯ ಮೇಲೆ 1979ರಲ್ಲಿ ಪ್ರಾಯೋಗಿಕ ವಿಮೆ ಬಂತು, 1985ರಲ್ಲಿ ಇನ್ನೊಂದು, 1999ರಲ್ಲಿ ಮತ್ತೊಂದು, 2016ರಲ್ಲಿ ಈಗಿನ ಫಸಲ್ ಬಿಮಾ. ಮಾದರಿ ಚಿಕ್ಕದಾದರೆ ಏನು ಗತಿ ಎಂದು 1944ರಲ್ಲಿ ಕೇಳಿದವರ ಆಲೋಚನೆಯಿಂದಲೇ ನಿಮ್ಮ ಪಂಚಾಯಿತಿಯ ನಾಲ್ಕು ಚೌಕ ಬಂದಿವೆ. ನಾಲ್ಕು ಎಂದರೆ ಎಷ್ಟು ಚಿಕ್ಕ ಮಾದರಿ, ನೀನೇ ಹೇಳು. ಹೂವಿನಹಡಗಲಿ, ಕಲ್ಕತ್ತ, ಪುಣೆ ಸುತ್ತಿಕೊಂಡು ಆ ಪ್ರಶ್ನೆ ಕಿಕ್ಕೇರಿ ಹೋಬಳಿಯ ಹೊಲಕ್ಕೆ ಬಂದು ನಿಂತಿದೆ, ಉತ್ತರ ಇನ್ನೂ ಪೂರ್ತಿಯಾಗಿಲ್ಲ. ನೀನು ಟೈಟಾನಿಕ್ ಹತ್ತಿದ್ದೀಯ.

ರಾಗಿಯೊಂದೇ ಪ್ರಶ್ನೆ ಎಂದು ನಾನು ಹೇಳುತ್ತಿಲ್ಲ. ಹೇಳಲು ನಾಲಿಗೆ ತಡೆಯುವ ಇನ್ನೊಂದಿದೆ. 2023ರ ಕೊನೆಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಹೆಣ್ಣು ಭ್ರೂಣ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ಬೆಲ್ಲ ಕಾಯಿಸುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಸಂಖ್ಯಾಶಾಸ್ತ್ರದ ಇತಿಹಾಸದಲ್ಲಿ ಊಹೆಯೊಂದನ್ನು ಅಂಕಿಗಳಿಂದ ಪರೀಕ್ಷಿಸಿದ ಮೊಟ್ಟಮೊದಲ ಉದಾಹರಣೆ ಎಂದು ಹೇಳುವುದು ಯಾವುದನ್ನು ಗೊತ್ತೇ? ಮಕ್ಕಳ ಲಿಂಗಾನುಪಾತವನ್ನೇ. 1710ರಲ್ಲಿ ಜಾನ್ ಆರ್ಬತ್‌ನಾಟ್ ಎಂಬ ವೈದ್ಯ ಲಂಡನ್ನಿನ 82 ವರ್ಷಗಳ ನಾಮಕರಣದ ದಾಖಲೆ ತೆಗೆದು, ಅಷ್ಟೂ ವರ್ಷ ಗಂಡುಮಕ್ಕಳೇ ಹೆಚ್ಚಿರುವುದು ನಾಣ್ಯ ಚಿಮ್ಮಿದಂಥ ಆಕಸ್ಮಿಕವಾಗಲಾರದು ಎಂದು ತೋರಿಸಿದ. ಪ್ರಕೃತಿಯ ಲೆಕ್ಕವೇ ನೂರು ಹೆಣ್ಣಿಗೆ ಸುಮಾರು 105 ಗಂಡು. ಮನುಷ್ಯ ಕೈ ಹಾಕಿದಾಗ ಆ ಲೆಕ್ಕ ಕೆಡುತ್ತದೆ. ಕೆಟ್ಟಿದೆ ಎಂದು ಒಂದು ಚಿಕ್ಕ ಊರಿನ ಮಟ್ಟದಲ್ಲಿ ಹೇಗೆ ಹೇಳುತ್ತೀಯ? ವರ್ಷಕ್ಕೆ 40 ಹೆರಿಗೆಯಾಗುವ ಕಡೆ 15 ಮಾತ್ರ ಹೆಣ್ಣಾದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಯಾರೂ ಏನೂ ಮಾಡದಿದ್ದರೂ ಅಷ್ಟು ಅಥವಾ ಅದಕ್ಕಿಂತ ಕಡಿಮೆ ಹೆಣ್ಣು ಹುಟ್ಟುವುದು ಹತ್ತು ವರ್ಷಕ್ಕೊಮ್ಮೆಯಾದರೂ ನಡೆಯುತ್ತದೆ. ನಿರಪರಾಧಿ ಊರಿಗೆ ಕಳಂಕ ಹಚ್ಚಬಾರದು, ಅಪರಾಧ ನಡೆದ ಕಡೆ ಕಣ್ಣು ಮುಚ್ಚಬಾರದು. ಎಷ್ಟು ವರ್ಷದ, ಎಷ್ಟು ಊರಿನ ದಾಖಲೆ ಸೇರಿಸಿದರೆ ಸಂಕೇತ ಸಿಗುತ್ತದೆ? ಇಲ್ಲಿಯೂ ಅದೇ ಚಿಕ್ಕ ಮಾದರಿಯ ಪ್ರಶ್ನೆ. ಈ ಜಿಲ್ಲೆಯಲ್ಲಿ ಹೆಣ್ಣಾಗಿ ಹುಟ್ಟಿ, ಓದಿ, ಪಿಎಚ್‌ಡಿ ಅರ್ಜಿ ಬರೆಯುತ್ತಿರುವ ನಿನಗಿಂತ ಇದನ್ನು ಕೇಳಲು ಅರ್ಹರು ಯಾರಿದ್ದಾರೆ?

ಇನ್ನು ನೀನು ಕೇಳಿದ ವ್ಯವಹಾರದ ಮಾತುಗಳು. ಎಲ್ಲೆಲ್ಲಿ ಅರ್ಜಿ ಹಾಕಲಿ ಎಂದೆಯಲ್ಲ.

ಮೊದಲು ಮನೆಗೆ ಹತ್ತಿರದ್ದು. ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲೇ ಇದೆ. ಮಂಡ್ಯದ ಮೇಲೆ ಬೆಂಗಳೂರಿಗೆ ಹೋಗುವಾಗ ಕೆಂಗೇರಿ ದಾಟಿದ ಮೇಲೆ ಸಿಗುತ್ತದೆ. ನಮ್ಮ ಕಡೆಯವರು ಬಸ್ಸಿನಲ್ಲಿ ಅದರ ಮುಂದೆ ಎಷ್ಟು ಸಲ ಹಾದಿದ್ದಾರೋ, ಒಳಗೇನಿದೆ ಎಂದು ಕೇಳಿದವರು ಕಡಿಮೆ. ಅಲ್ಲಿಗೆ ಲಿಖಿತ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಆಯ್ಕೆ. ಸಿಎಸ್‌ಐಆರ್–ಯುಜಿಸಿ ನೆಟ್‌ನಲ್ಲಿ ಸಂಖ್ಯಾಶಾಸ್ತ್ರಕ್ಕೆ ಬೇರೆ ಪತ್ರಿಕೆಯಿಲ್ಲ, ಗಣಿತ ವಿಜ್ಞಾನದ ಪತ್ರಿಕೆಯೊಳಗೇ ಅದು ಬರುತ್ತದೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ವೇತನ ಸಿಕ್ಕರೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಸೇರಿದರೂ ಈ ಹಣ ನಿನ್ನ ಜೊತೆ ಬರುತ್ತದೆ. ಗೇಟ್ ಪರೀಕ್ಷೆಯಲ್ಲಿ 2019ರಿಂದ ಸಂಖ್ಯಾಶಾಸ್ತ್ರಕ್ಕೆ, 2024ರಿಂದ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆಗೆ ಪ್ರತ್ಯೇಕ ಪತ್ರಿಕೆ ಇದೆ. ‘ಓದಿದ್ದು ಸಾಕು, ಮನೆಗೆ ಆಸರೆಯಾಗು’ ಎನ್ನುವ ನೆಂಟರಿಗೆ ಈ 37,000ದ ಲೆಕ್ಕ ಹೇಳು. ಪಿಎಚ್‌ಡಿ ಎಂದರೆ ಮನೆಯಿಂದ ಹಣ ಕೊಟ್ಟು ಓದುವುದು ಎಂದೇ ನಮ್ಮ ಊರುಗಳಲ್ಲಿ ಇನ್ನೂ ನಂಬಿದ್ದಾರೆ.

ಅಮೆರಿಕದ ಅರ್ಜಿಗಳ ವಿಷಯ. ಒಂದೊಂದಕ್ಕೆ ಸಾಮಾನ್ಯವಾಗಿ 75ರಿಂದ 125 ಡಾಲರ್ ಶುಲ್ಕ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆ ಬರೆದರೆ ಅದರ ಶುಲ್ಕ ಬೇರೆ, ಇಂಗ್ಲಿಷ್ ಪರೀಕ್ಷೆಗೆ ಬೇರೆ. ಎಂಟು ಕಡೆ ಹಾಕಿದರೆ ಲಕ್ಷ ರೂಪಾಯಿ ದಾಟುತ್ತದೆ. ರಾಗಿ ಮಾರಿ ಲಕ್ಷ ರೂಪಾಯಿ ಕೂಡಿಸಲು ನಿಮ್ಮಪ್ಪ ಎಷ್ಟು ಬೆವರಬೇಕು ಎಂಬುದು ನಮ್ಮಿಬ್ಬರಿಗೂ ಗೊತ್ತು. ಆದ್ದರಿಂದ ಮೂರೋ ನಾಲ್ಕೋ ಸಾಕು. ಹಲವು ವಿಭಾಗಗಳು ಜಿಆರ್‌ಇ ಕೇಳುವುದನ್ನೇ ಬಿಟ್ಟಿವೆ, ಅವನ್ನು ಮೊದಲು ನೋಡು. ಶುಲ್ಕ ಮನ್ನಾ ಮಾಡುವ ವಿಶ್ವವಿದ್ಯಾಲಯಗಳಿವೆ, ನಾಚಿಕೆಯಿಲ್ಲದೆ ಪತ್ರ ಬರೆದು ಕೇಳು. ಅದು ಭಿಕ್ಷೆಯಲ್ಲ, ಅವರೇ ಇಟ್ಟುಕೊಂಡಿರುವ ವ್ಯವಸ್ಥೆ. ಸೇರಿದ ಮೇಲೆ ಸಾಮಾನ್ಯವಾಗಿ ಬೋಧನಾ ಸಹಾಯಕ ಕೆಲಸದ ಮೂಲಕ ಶುಲ್ಕವೂ ಹೊಟ್ಟೆಪಾಡೂ ನಡೆಯುತ್ತದೆ. ಒಂದು ಎಚ್ಚರಿಕೆ: 2025ರಲ್ಲಿ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದ ಮೇಲೆ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟುಗಳನ್ನು ಕಡಿಮೆ ಮಾಡಿದವು. ಅಲ್ಲಿಂದ ‘ಇಲ್ಲ’ ಎಂದು ಬಂದರೆ ಅದು ನಿನ್ನ ಬುದ್ಧಿಗೆ ಕೊಟ್ಟ ಅಂಕ ಎಂದು ತಿಳಿಯಬೇಡ.

ಸಂಖ್ಯಾಶಾಸ್ತ್ರವೋ ಡೇಟಾ ಸೈನ್ಸೋ ಎಂದು ತಲೆ ಕೆಡಿಸಿಕೊಂಡಿದ್ದೀಯ. ಯೇಲ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯಗಳು 2017ರಲ್ಲಿ ತಮ್ಮ ವಿಭಾಗದ ಹೆಸರಿನಲ್ಲಿ ಎರಡನ್ನೂ ಸೇರಿಸಿಕೊಂಡವು. ಫಲಕ ಬದಲಾಯಿತು, ಒಳಗೆ ಕೇಳುವ ಗಣಿತ ಬದಲಾಗಲಿಲ್ಲ. ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ. ಮೊದಲನೆಯದರಲ್ಲಿ ನಿನ್ನ ಅಂಕ ಕಡಿಮೆಯಿದೆ. ಕಾರಣ ನನಗೆ ಗೊತ್ತು, ಬಿ.ಎಸ್ಸಿಯಲ್ಲಿ ಆ ಪಾಠ ಮಾಡುವವರೇ ಒಂದು ವರ್ಷ ಇರಲಿಲ್ಲ. ಅದನ್ನು ಅರ್ಜಿಯಲ್ಲಿ ಎರಡು ಸಾಲಿನಲ್ಲಿ ನೇರವಾಗಿ ಬರೆ, ಈಗ ನೀನೇ ಕೂತು ಕಲಿಯುತ್ತಿರುವುದನ್ನೂ ಬರೆ. ಮುಚ್ಚಿಟ್ಟರೆ ಸೋಮಾರಿತನ ಎಂದುಕೊಳ್ಳುತ್ತಾರೆ.

ನಮ್ಮ ಕೆ.ಆರ್. ಪೇಟೆ ತಾಲ್ಲೂಕಿನವರು ಮುಂಬೈಗೆ ಹೋದದ್ದು ಹೇಗೆಂದು ಎಂದಾದರೂ ಯೋಚಿಸಿದ್ದೀಯಾ? ಯಾರೋ ಒಬ್ಬರು ಮೊದಲು ಹೋದರು. ಊರಿಗೆ ಬಂದಾಗ ಭಾವಮೈದುನನಿಗೆ ಹೇಳಿದರು. ಅವನು ಪಕ್ಕದೂರಿನವನಿಗೆ ಹೇಳಿದ. ಯಾವ ರೈಲು, ಎಲ್ಲಿ ಇಳಿಯಬೇಕು, ಯಾರ ಖೋಲಿಯಲ್ಲಿ ಮಲಗಬೇಕು, ಎಲ್ಲವೂ ಬಾಯಿಂದ ಬಾಯಿಗೆ ಬಂತು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ಅವರೆಲ್ಲ ಮರಳಿದಾಗಲೇ ಎಷ್ಟು ಜನ ಅಲ್ಲಿದ್ದರು ಎಂದು ಜಿಲ್ಲೆಗೆ ಗೊತ್ತಾದದ್ದು. ದೂರ ಹೋಗುವ ಧೈರ್ಯ ನಮ್ಮವರಿಗೆ ಯಾವಾಗಲೂ ಇತ್ತು. ಪಿಎಚ್‌ಡಿಯ ದಾರಿಯಲ್ಲಿ ಮಾತ್ರ ಆ ಭಾವಮೈದುನನಿಲ್ಲ. ದೊಡ್ಡ ಊರಿನ ಮಕ್ಕಳಿಗೆ ಅಕ್ಕ, ಅತ್ತೆ ಮಗ, ಅಪಾರ್ಟ್‌ಮೆಂಟಿನ ಪಕ್ಕದ ಮನೆಯವರು ಹೇಳಿಕೊಡುವುದನ್ನು ನೀನು ಒಬ್ಬಳೇ, ಬಸ್ಸಿನಲ್ಲಿ ಕೂತು, ಮೊಬೈಲಿನಲ್ಲಿ ಹುಡುಕಿಕೊಂಡಿದ್ದೀಯ. ನೀನು ತುಂಬಿದ ಪ್ರತಿಯೊಂದು ಅರ್ಜಿಯ ತಾರೀಖು, ಶುಲ್ಕ, ಕೇಳಿದ ಕಾಗದ, ಬಂದ ಉತ್ತರ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಮುಂದಿನ ವರ್ಷ ಅದು ಇನ್ನೊಬ್ಬಳಿಗೆ ಬೇಕು.

ಇಲ್ಲಿ ಪತ್ರವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ನನ್ನ ವೃತ್ತಿಬಾಂಧವರಿಗೆ ಒಂದು ಮಾತು ಹೇಳಬೇಕು. ಅರ್ಜಿಗೆ ಮೂರು ಶಿಫಾರಸು ಪತ್ರ ಬೇಕು. ನಾನು ಎಂ.ಎಸ್ಸಿ ಮುಗಿಸಿ ಅರ್ಜಿ ಹಾಕುವಾಗ ನನಗೆ ಪಾಠ ಹೇಳಿದ ಒಬ್ಬರ ಬಳಿ ಹೋಗಿದ್ದೆ. ‘ನೀನೇ ಬರ್ಕೊಂಡ್ ಬಾ, ಸೈನ್ ಹಾಕ್ತೀನಿ’ ಎಂದರು. ನನ್ನನ್ನು ನಾನೇ ಹೊಗಳಿಕೊಂಡು ಬರೆದ ಆ ಹಾಳೆಯ ಮುಜುಗರ ಇವತ್ತಿಗೂ ಹೋಗಿಲ್ಲ. ಇದು ಇನ್ನೂ ನಡೆಯುತ್ತಿದೆ. ದಯವಿಟ್ಟು ನಿಲ್ಲಿಸಿ. ‘ಶ್ರಮಜೀವಿ, ವಿಧೇಯ ವಿದ್ಯಾರ್ಥಿನಿ’ ಎಂಬ ನಾಲ್ಕು ಸಾಲಿನ ಪತ್ರ ಮಗುವಿಗೆ ಸಹಾಯ ಮಾಡುವುದಿಲ್ಲ, ಕೆಡಿಸುತ್ತದೆ. ಆಕೆ ಯಾವ ದಿನ ಯಾವ ಪ್ರಶ್ನೆ ಕೇಳಿದಳು, ಯಾವ ಲೆಕ್ಕವನ್ನು ಪುಸ್ತಕದ್ದಲ್ಲದ ದಾರಿಯಲ್ಲಿ ಬಿಡಿಸಿದಳು ಎಂಬುದನ್ನು ಬರೆಯಿರಿ. ಆಯ್ಕೆ ಸಮಿತಿಗಳಲ್ಲಿ ಕೂರುವವರಿಗೂ ನನ್ನ ಕೋರಿಕೆಯಿದೆ. ಬೆಂಗಳೂರಿನಲ್ಲಿರಿ, ಬರ್ಕ್ಲಿಯಲ್ಲಿರಿ, ಇಂಗ್ಲಿಷ್ ನುಣುಪಾಗಿರುವುದಕ್ಕೂ ಯೋಚನೆ ಹರಿತವಾಗಿರುವುದಕ್ಕೂ ಇರುವ ಸಂಬಂಧ ಬಹಳ ತೆಳು. ಏಳನೇ ತರಗತಿವರೆಗೆ ಕನ್ನಡದಲ್ಲೇ ಭಾಗಾಕಾರ ಕಲಿತ ಹುಡುಗಿಯ ಅರ್ಜಿಯನ್ನು ಸ್ವಲ್ಪ ನಿಧಾನವಾಗಿ ಓದಿ.

ಮತ್ತೆ ನಿನ್ನ ಕಡೆಗೆ ಬರುತ್ತೇನೆ. ನೀನು ‘ನಮ್ಮೂರಿನ ವಿಷಯ ಬರೆದರೆ ಚಿಕ್ಕದಾಗಿ ಕಾಣಿಸುವುದಿಲ್ಲವೇ ಸಾರ್’ ಎಂದು ಕೇಳಿದ್ದೆ. ನಮ್ಮೂರು ಚಿಕ್ಕದು ಎಂದು ನಿನಗೆ ಯಾರು ಹೇಳಿದರು? 1171ರಲ್ಲಿ ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು ಅಲ್ಲಿ ಬ್ರಹ್ಮೇಶ್ವರ ಗುಡಿ ಕಟ್ಟಿಸಿದಳು. 1915ರಲ್ಲಿ ಅಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಗಂಡ ಹೆಂಡಿರ ಸಣ್ಣಪುಟ್ಟ ಮಾತುಗಳನ್ನೇ ಬರೆದರು, ಇಡೀ ಕನ್ನಡ ನಾಡು ಅದನ್ನು ತನ್ನದೆಂದು ಹಾಡಿತು. ಫಿಷರ್ 1919ರಲ್ಲಿ ರೊಥಾಮ್‌ಸ್ಟೆಡ್ ಎಂಬ ಹಳ್ಳಿಗಾಡಿನ ಕೃಷಿ ಕೇಂದ್ರಕ್ಕೆ ಸೇರಿ ಗೋಧಿ, ಆಲೂಗಡ್ಡೆ, ಗೊಬ್ಬರದ ಲೆಕ್ಕ ನೋಡುತ್ತಲೇ ನೀನು ಕಲಿತ ಪ್ರಯೋಗ ವಿನ್ಯಾಸವನ್ನು ಕಟ್ಟಿದರು. ಅವರಿಗೆ ಆ ಹೊಲ ಚಿಕ್ಕದಾಗಿ ಕಾಣಲಿಲ್ಲ.

ಆದ್ದರಿಂದ ಆ ಎರಡು ಪುಟಗಳನ್ನು ಸದ್ಯಕ್ಕೆ ಪಕ್ಕಕ್ಕಿಡು. ರಾಗಿ ಕಟಾವಿಗೆ ಬರುವುದೂ ಅಮೆರಿಕದ ಬಹುತೇಕ ಅರ್ಜಿಗಳ ಕೊನೆಯ ದಿನ ಬರುವುದೂ ನವೆಂಬರ್–ಡಿಸೆಂಬರ್‌ನಲ್ಲೇ. ಇನ್ನೂ ಸಮಯವಿದೆ. ಪಂಚಾಯಿತಿಯಲ್ಲಿ ಕೇಳಿ, ಈ ಸಲದ ನಾಲ್ಕು ಚೌಕ ಯಾವ ಯಾವ ಸರ್ವೆ ನಂಬರಿಗೆ ಬಿದ್ದಿವೆ ಎಂದು ತಿಳಿದುಕೊ. ಒಂದು ದಿನ ಹೋಗಿ ನೋಡು. ಗೂಟ ಹೊಡೆದ ಜಾಗ ಸಂಖ್ಯೆ ಹೇಳಿದ ಜಾಗವೇ ಆಗಿತ್ತೇ, ಹಗ್ಗದ ಮೇಲಿನ ತೆನೆ ಯಾವ ಕಡೆ ಹೋಯಿತು, ಹಸಿ ತೂಕವೋ ಒಣ ತೂಕವೋ, ಎಲ್ಲ ಬರೆದುಕೊ. ಕೊಯ್ಯುವವರ ಜೊತೆ ಜಗಳ ಬೇಡ, ಅವರಿಗೆ ಅದೇ ದಿನ ಇನ್ನೂ ಮೂರು ಕೆಲಸ ಇರುತ್ತದೆ. ನಿಮ್ಮಪ್ಪನನ್ನು ಕೂರಿಸಿಕೊಂಡು ಹಿಂದಿನ ಐದಾರು ವರ್ಷ ಎಕರೆಗೆ ಎಷ್ಟು ಪಲ್ಲ ಆಯಿತು ಎಂದು ಕೇಳಿ ಬರೆದುಕೊ. ಪಂಚಾಯಿತಿಯ ಅಂಕಿಯ ಪಕ್ಕದಲ್ಲಿ ಅದನ್ನಿಟ್ಟು ನೋಡು.

ಆಮೇಲೆ ಸ್ಟೇಟ್‌ಮೆಂಟ್ ಬರೆ. ಮೊದಲ ಕರಡನ್ನು ಕನ್ನಡದಲ್ಲೇ ಬರೆದು ಕಳಿಸು. ಇಂಗ್ಲಿಷ್ ಮಾಡುವಾಗ ನಾನು ಜೊತೆಗಿರುತ್ತೇನೆ.

ನಿನ್ನ ಉತ್ತರಕ್ಕೆ ಕಾಯುವ,
ನಿನ್ನ ಹೋಬಳಿಯವನೇ ಆದ ಒಬ್ಬ ಸಂಖ್ಯಾಶಾಸ್ತ್ರದ ಮೇಷ್ಟ್ರು